ಹಸಿ ಕುಂಡದ ಅಳತೆ

ಅಷ್ಟು ದೊಡ್ಡ ಆಳು, ಸೂಜಿ ಇನ್ನೂ ಚರ್ಮಕ್ಕೆ ತಾಗುವ ಮೊದಲೇ, ಕಟ್ಟು ಬಿಚ್ಚಿದ ಮೂಟೆಯಂತೆ ಕುರ್ಚಿಯಿಂದ ಜಾರಿದ.

ಲ್ಯಾಬಿನ ರಕ್ತ ತೆಗೆಯುವ ಕೋಣೆಯಲ್ಲಿ ಇದೇನೂ ಹೊಸ ಸಂಗತಿಯಲ್ಲ. ತೋಳು ಹುರಿಗೊಂಡವರೇ ಮೊದಲು ಬೀಳುವುದು. ಕಡ್ಡಿಯಂಥ ಅಜ್ಜಿಯರು ಕಾಲು ಅಲ್ಲಾಡಿಸುತ್ತ, ಅಕ್ಕಪಕ್ಕದವರ ಯೋಗಕ್ಷೇಮ ವಿಚಾರಿಸುತ್ತ ರಕ್ತ ಕೊಟ್ಟು ಹೋಗುತ್ತಾರೆ. ರಕ್ತ ತೆಗೆಯುವವಳು ಸೂಜಿಯನ್ನು ಟ್ರೇಗೆ ಹಾಕಿ, ಸರ್ರನೆ ಬಂದು, ಅವನ ತಲೆ ನೆಲಕ್ಕೆ ಬಡಿಯದಂತೆ ಭುಜ ಕೊಟ್ಟಳು. ಇಷ್ಟು ವರ್ಷದ ಕೆಲಸದಲ್ಲಿ ಅವಳ ಸೊಂಟ ಹೋದದ್ದೇ ಹೀಗೆ ಬೀಳುವ ಗಂಡಸರನ್ನು ಹಿಡಿದು ಹಿಡಿದು.

ಮುಖಕ್ಕೆ ನೀರು ಚಿಮುಕಿಸಿದಾಗ ಅವನು ಕಣ್ಣು ಬಿಟ್ಟ. ಅವಳನ್ನು ನೋಡಲಿಲ್ಲ. ಅವಳ ಹೆಗಲಾಚೆ, ಕಿಟಕಿಯ ಕಡೆಗೆ ನೋಡಿದ.

"ಇದೆಷ್ಟು ಬೆರಳು, ಹೇಳಿ," ಎಂದಳು.

"ಮೂರು. ಕಿಟಕೀಲಿ ಆ ಡಬ್ಬಿಗಳಲ್ಲಿ ಇರೋದೇನು?"

"ಮೊದಲು ನೀರು ಕುಡೀರಿ."

"ಕುಡೀತೀನಿ. ಅದೇನು?"

"ಗಿಡ. ಸಕ್ಯುಲೆಂಟ್ ಸಸಿಗಳು, ದಪ್ಪ ಎಲೇಲಿ ನೀರು ತುಂಬಿಕೊಳ್ಳೋವು."

ಅವನು ನಿಧಾನವಾಗಿ ಎದ್ದು ಕೂತು, ಕಣ್ಣು ಕಿರಿದು ಮಾಡಿ ನೋಡಿದ. ಸಾಲಾಗಿ ಇಟ್ಟಿದ್ದ ಪ್ಲಾಸ್ಟಿಕ್ ಡಬ್ಬಿಗಳು. ಮುಚ್ಚಳ ಬಿರುಕು ಬಿಟ್ಟಿದ್ದರಿಂದ ಎಸೆಯಬೇಕಾಗಿದ್ದ ಹೊಸ ಡಬ್ಬಿಗಳು. ಯಾವುದಕ್ಕೆಂದು ಬೇರೆ ಹೇಳಬೇಕಾಗಿರಲಿಲ್ಲ, ಆಗ ತಾನೇ ಕೌಂಟರಿನಲ್ಲಿ ಅವನ ಕೈಗೂ ಅಂಥದ್ದೇ ಒಂದನ್ನು ಕೊಟ್ಟು ಬಾತ್‌ರೂಮಿನ ದಾರಿ ತೋರಿಸಿದ್ದರು. ಅವನು ಪಕ್ಕದಲ್ಲಿ ಬಿದ್ದಿದ್ದ ತನ್ನ ಡಬ್ಬಿಯನ್ನು ನೋಡಿದ, ಕಿಟಕಿಯಲ್ಲಿದ್ದದ್ದನ್ನು ನೋಡಿದ, ಅವಳನ್ನು ನೋಡಿದ.

"ಪಾಪ," ಎಂದ. "ಏನು ಗತಿ ಬಂತು ಅವಕ್ಕೆ!"

ಅವಳಿಗೆ ನಗು ಬಂತು. ಬೆಳಗಿನಿಂದ ಅದೇ ಮೊದಲ ನಗು. ರಕ್ತ ತೆಗೆಸಿಕೊಳ್ಳುವವರು ಗೋಡೆ ನೋಡುತ್ತಾರೆ, ಫ್ಯಾನ್ ನೋಡುತ್ತಾರೆ, ಫೋನ್ ನೋಡುತ್ತಾರೆ. ಅವಳ ಮುಖವನ್ನು ನೋಡುವವರು ಯಾರೂ ಇಲ್ಲ. ಮಕ್ಕಳು ಮಾತ್ರ ನೋಡಿ, "ಸೊಳ್ಳೆ ಆಂಟಿ ಬಂತು" ಎಂದು ಕಿರುಚುತ್ತಾರೆ. ಅಲ್ಲಿಂದ ಲ್ಯಾಬಿನಲ್ಲಿ ಎಲ್ಲರ ಬಾಯಲ್ಲೂ ಅವಳು ಸೊಳ್ಳೆ ಮೇಡಂ ಆಗಿದ್ದಳು. ಬೇಸರವೇನಿರಲಿಲ್ಲ. ಬೇಸರ ಪಡಲೂ ಸ್ವಲ್ಪ ತ್ರಾಣ ಬೇಕಲ್ಲ.

ಅವನ ತೋಳಿನ ನರಗಳು ಹಗ್ಗದಂತೆ ಎದ್ದು ನಿಂತಿದ್ದವು. ಉಗುರಿನ ಸಂದಿಯಲ್ಲಿ ಬೂದು ಬಣ್ಣದ ಮಣ್ಣು. ಅವನು ಕಿಟಕಿ ನೋಡುತ್ತಿರುವಾಗಲೇ ಅವಳು ಸೂಜಿ ಹಾಕಿ ತೆಗೆದೂ ಆಗಿತ್ತು.

"ಮುಗೀತು."

"ಹೌದಾ! ಗೊತ್ತೇ ಆಗ್ಲಿಲ್ಲ."

"ಯಾವುದಕ್ಕೆ ಟೆಸ್ಟ್?"

"ಸುಸ್ತು. ರಾತ್ರಿ ಮಲಗುವಾಗ ಆದ್ರೆ ಸರಿ, ನನಗೆ ಬೆಳಗ್ಗೆ ಏಳುವಾಗಲೇ ಸುಸ್ತು. ಡಾಕ್ಟರು ರಕ್ತ ನೋಡೋಣ ಅಂದ್ರು."

"ನನಗೂ ಅಷ್ಟೇ," ಎಂದಳು ಹತ್ತಿ ಒತ್ತುತ್ತ. "ಆದ್ರೆ ನನ್ನ ರಕ್ತ ತೆಗೆಯೋರು ಯಾರು?"

ಆಗ ಅವನು ಅವಳ ಮುಖ ನೋಡಿದ. ಫ್ಯಾನನ್ನಲ್ಲ, ಗೋಡೆಯನ್ನಲ್ಲ. ಕಣ್ಣ ಕೆಳಗಿನ ಕಪ್ಪು, ಮಾಸ್ಕಿನ ದಾರ ಕಿವಿಯ ಹಿಂದೆ ಕೊರೆದ ಗೆರೆ, ಎಲ್ಲವನ್ನೂ ಒಂದು ಪಾತ್ರೆಯ ಅಂಚನ್ನು ಪರೀಕ್ಷಿಸುವವನ ಹಾಗೆ ನೋಡಿದ. ಅವಳು ಮಾಸ್ಕನ್ನು ಸರಿಯಾಗೇ ಇದ್ದರೂ ಮತ್ತೊಮ್ಮೆ ಸರಿಪಡಿಸಿಕೊಂಡಳು.

"ನಾನು ಪಾಟ್ ಮಾಡ್ತೀನಿ," ಎಂದ ಅವನು, ಹೋಗುವಾಗ ಬಾಗಿಲಲ್ಲಿ ನಿಂತು. "ಮಣ್ಣಿಂದು. ಒಂದು ಸಲ ಬನ್ನಿ. ಈ ಡಬ್ಬಿಯಿಂದ ಅವನ್ನ ಬಿಡಿಸೋಣ."

ಮಾರನೆಯ ದಿನ ರಿಪೋರ್ಟ್ ತೆಗೆದುಕೊಳ್ಳಲು ಬಂದವನು ಮುಖ ಸಪ್ಪೆ ಮಾಡಿಕೊಂಡಿದ್ದ. "ಎಲ್ಲ ನಾರ್ಮಲ್ ಅಂತೆ. ಹಾಗಾದ್ರೆ ಈ ಸುಸ್ತು ಯಾವುದು?"

"ಅದಕ್ಕೆ ನಮ್ಮಲ್ಲಿ ಟೆಸ್ಟ್ ಇಲ್ಲ," ಎಂದಳು ಅವಳು.

*

ಅವಳು ಅವನಲ್ಲಿಗೆ ಹೋದದ್ದು ಒಂದು ಭಾನುವಾರ. ಮುಂಭಾಗದಲ್ಲಿ ಕುಂಡದ ಅಂಗಡಿ. ಅಲ್ಲಿ ಅವನ ತಮ್ಮ, ಒಂದು ಕಿವಿಗೆ ಫೋನ್ ಅಂಟಿಸಿಕೊಂಡು, ಇನ್ನೊಂದು ಕೈಯಲ್ಲಿ ಗಿರಾಕಿಗಳಿಗೆ ದಾರಿ ತೋರಿಸುತ್ತಿದ್ದ. "ಅಣ್ಣಾ, ಇನ್ನೊಂದು ಹತ್ತು ಬೇಕಂತೆ, ಇದಕ್ಕಿಂತ ದೊಡ್ಡದು!" ಎಂದು ಹಿಂದಕ್ಕೆ ಕೂಗಿದ. ಹಿಂದಿನ ಶೆಡ್ಡಿನಿಂದ "ಆಯ್ತು" ಎಂಬ ದನಿ ಬಂತು. ಆ "ಆಯ್ತು" ಕೇಳಿದರೇ ಗೊತ್ತಾಗುತ್ತಿತ್ತು, ಆ ಮನೆಯಲ್ಲಿ ಎಲ್ಲದಕ್ಕೂ ಆಯ್ತು ಎನ್ನುವವನು ಇವನೊಬ್ಬನೇ ಎಂದು.

ಶೆಡ್ಡಿನ ತುಂಬ ಹೋಟೆಲಿನ ಬಾಗಿಲಿಗಿಡುವಂಥ ಕುಂಡಗಳು. ಒಬ್ಬ ಮನುಷ್ಯ ಒಳಗೆ ಕೂತು ಊಟ ಮಾಡಬಹುದಾದಷ್ಟು ದೊಡ್ಡವು. ಅವುಗಳ ನಡುವೆ ಅವನು ತಿರುಗುವ ಚಕ್ರದ ಮುಂದೆ ಕೂತಿದ್ದ, ಮೊಣಕೈವರೆಗೆ ಕೆಸರು.

"ಬಂದ್ರಾ! ಕೂತ್ಕೊಳ್ಳಿ. ಎಲ್ಲಿ, ಇಲ್ಲಿ ಕೂರೋಕೆ ಜಾಗ ಅಂತ..." ಅವನು ಸುತ್ತ ನೋಡಿ, ಒಂದು ಕುಂಡವನ್ನು ಬೋರಲು ಹಾಕಿ, ಮೇಲೆ ತನ್ನ ಟವೆಲ್ ಹಾಸಿದ. ಟವೆಲಿನಲ್ಲಿ ಕುಂಡಕ್ಕಿಂತ ಹೆಚ್ಚು ಮಣ್ಣಿತ್ತು. ಅವಳು ಟವೆಲನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ಕೂತಳು. ಅವನಿಗೆ ಗೊತ್ತಾಯಿತು. ಇಬ್ಬರೂ ಗೊತ್ತಾಗದವರ ಹಾಗಿದ್ದರು.

ಅವಳು ತಂದ ಟ್ರೇಯಲ್ಲಿ ಸಸಿಗಳು ಬಟಾಣಿ ಕಾಳಿಗಿಂತ ದೊಡ್ಡವಿರಲಿಲ್ಲ. ಕೆಲವು ಪುಟ್ಟ ಬೆಣಚುಕಲ್ಲಿನಂತೆ ನಡುವೆ ಸೀಳಿಕೊಂಡಿದ್ದವು. ಇನ್ನು ಕೆಲವು ಎಲೆಗಳನ್ನು ಗುಂಡಗೆ ಜೋಡಿಸಿ ಹೂವಿನ ಹಾಗೆ ಕೂತಿದ್ದವು. ಅವನು ಕೈ ತೊಳೆದು, ಪ್ಯಾಂಟಿಗೆ ಒರೆಸಿ, ಬಾಗಿ ನೋಡಿದ.

"ದೊಡ್ಡ ಪಾಟೇ ಕೊಡ್ತೀನಿ. ಬೆಳೆಯೋ ಗಿಡ ಅಲ್ವಾ? ಆರಾಮಾಗಿ ಕೈಕಾಲು ಚಾಚಿಕೊಂಡಿರ್ಲಿ."

ಅವಳ ಮುಖದಲ್ಲಿ ಏನೋ ಮುದುಡಿತು. ಆದರೆ ಗಿಡಗಳ ವಿಷಯಕ್ಕೆ ಬಂದರೆ ಅವಳಿಗೆ ಬಾಯಿ ಇತ್ತು. ತನ್ನ ವಿಷಯಕ್ಕೆ ಮಾತ್ರ ಇರಲಿಲ್ಲ.

"ದೊಡ್ಡ ಪಾಟಲ್ಲಿ ಸತ್ತೇ ಹೋಗುತ್ವೆ," ಎಂದಳು. "ಮಣ್ಣು ಜಾಸ್ತಿ, ಅದು ಹಿಡಿದಿಟ್ಟುಕೊಳ್ಳೋ ನೀರೂ ಜಾಸ್ತಿ. ಇವುಗಳ ಬೇರು ಎಷ್ಟಿದೆ? ದಾರದಷ್ಟು. ಆ ನೀರನ್ನೆಲ್ಲ ಇದು ಯಾವಾಗ ಕುಡಿದು ಮುಗಿಸೋದು? ಸುತ್ತ ಒದ್ದೆ, ನಡುವೆ ಇದು. ಕೊಳೆತು ಹೋಗುತ್ತೆ. ಮೇಲಿಂದ ನೋಡೋರಿಗೆ ಗೊತ್ತೂ ಆಗಲ್ಲ, ಎಷ್ಟು ಚೆನ್ನಾಗಿ ನೋಡ್ಕೊಂಡಿದ್ದಾರೆ ಅನ್ಸುತ್ತೆ."

ಅವನು ಚಕ್ರ ನಿಲ್ಲಿಸಿದ. "ಹೇಳಿ. ಎಷ್ಟು ಬೇಕು, ಹೇಗೆ ಬೇಕು?"

"ಈ ಕಲ್ಲಿನ ಥರ ಇರೋವಕ್ಕೆ ಬೇರು ನೇರ ಕೆಳಗೆ ಇಳಿಯುತ್ತೆ. ಬಾಯಿ ಕಿರಿದು, ಆಳ ಜಾಸ್ತಿ. ಬಾಯಿ ಎರಡು ಇಂಚು, ಆಳ ನಾಲ್ಕು. ಈ ಹೂವಿನ ಥರದವು ಬೇರನ್ನ ಮೇಲ್ಮೇಲೇ ಹರಡುತ್ವೆ. ಇವಕ್ಕೆ ತಟ್ಟೆ ಹಾಗೆ, ಅಗಲ ಇದ್ದು ಆಳ ಕಡಿಮೆ ಇರ್ಲಿ. ಒಂದರಲ್ಲಿ ನಾಲ್ಕೈದು ಸೇರಿಸಿ ಇಡ್ತೀನಿ, ಚಿಕ್ಕವಿರುವಾಗ ಒತ್ತಾಗಿದ್ರೇ ಚೆನ್ನಾಗಿರುತ್ವೆ."

"ಕೊಡದ ಹಾಗೆ ಹೊಟ್ಟೆ ಬಿಟ್ಟು, ಕತ್ತು ಸಣ್ಣ ಮಾಡಿದ್ರೆ? ನೋಡೋಕೆ ಲಕ್ಷಣವಾಗಿರುತ್ತೆ."

"ಆಮೇಲೆ ಗಿಡ ತೆಗೆಯೋದು ಹೇಗೆ? ಪಾಟ್ ಒಡೀಬೇಕು, ಇಲ್ಲಾ ಗಿಡದ ಬೇರು ಹರೀಬೇಕು."

"ಬೇಡಪ್ಪ," ಎಂದ ಅವನು ಗಾಬರಿಯಿಂದ. "ನೇರ ಗೋಡೆ. ಪಾಲಿಶ್?"

"ಬೇಡ. ಗೋಡೆ ಉಸಿರಾಡಬೇಕು. ಕೆಳಗೆ ತೂತು ಮರೀಬೇಡಿ, ನನ್ನ ಕಿರುಬೆರಳು ಹೋಗುವಷ್ಟು."

ಅವನು ಕೈ ಚಾಚಿದ. ಅವಳಿಗೆ ಅರ್ಥವಾಗಲಿಲ್ಲ.

"ಕಿರುಬೆರಳು," ಎಂದ. "ಯಾರ ಕಿರುಬೆರಳು ಅಂತ ಗೊತ್ತಾಗಬೇಡ್ವಾ? ನಂದಾದ್ರೆ ಗಿಡವೇ ಕೆಳಗೆ ಬಿದ್ದು ಹೋಗುತ್ತೆ."

ಅವಳು ಬೆರಳು ಕೊಟ್ಟಳು. ಅವನು ಒಂದು ಉಂಡೆ ಹಸಿ ಮಣ್ಣಿಗೆ ಅದನ್ನು ಮೆಲ್ಲಗೆ ಒತ್ತಿಸಿ ತೆಗೆದ. ಮಣ್ಣು ತಣ್ಣಗಿತ್ತು, ಅವನ ಕೈ ಬೆಚ್ಚಗಿತ್ತು. ಇಡೀ ದಿನ ಊರವರ ಕೈಗಳನ್ನು ಹಿಡಿಯುವವಳು ಅವಳು. ತನ್ನ ಕೈಯನ್ನು ಯಾರಾದರೂ ಹಿಡಿದು ಎಷ್ಟು ಕಾಲವಾಯಿತೆಂದು ಅಲ್ಲಿ ಕೂತು ಯೋಚಿಸುವ ಹಾಗಾಯಿತು.

"ಆಯ್ತು," ಎಂದ ಅವನು. ಈ "ಆಯ್ತು" ತಮ್ಮನಿಗೆ ಹೇಳಿದ ಆಯ್ತಿನ ಹಾಗಿರಲಿಲ್ಲ.

*

ಆಮೇಲೆ ಭಾನುವಾರ ಬಂತೆಂದರೆ ಅವಳ ಕಾಲು ಅತ್ತ ತಿರುಗುತ್ತಿತ್ತು. ದೊಡ್ಡ ಆರ್ಡರುಗಳ ನಡುವೆ ಇವಳ ಕುಂಡಗಳಿಗೆ ಸರದಿಯೇ ಬರುತ್ತಿರಲಿಲ್ಲ. ಅದರ ಅವಸರ ಅವಳಿಗೂ ಇರಲಿಲ್ಲ. ಅವನು ಕೆಲಸ ಮಾಡುತ್ತಿದ್ದ, ಅವಳು ಬೋರಲು ಕುಂಡದ ಮೇಲೆ ಕೂತು ಟೀ ಕುಡಿಯುತ್ತಿದ್ದಳು. ದೊಡ್ಡ ಮಣ್ಣಿನ ಗುಡ್ಡೆಯನ್ನು ಚಕ್ರದ ನಡುವಿಗೆ ತರುವಾಗ ಮಣಿಕಟ್ಟಿನ ನೋವಿಗೆ ಅವನು ಮುಖ ಕಿವುಚುತ್ತಿದ್ದ. ಒಂದು ದಿನ ಅವಳು ಬ್ಯಾಗಿನಿಂದ ಕ್ರೇಪ್ ಬ್ಯಾಂಡೇಜ್ ತೆಗೆದು, ಏನೂ ಕೇಳದೆ ಸುತ್ತಿದಳು.

"ಬಿಗಿಯಾಯ್ತಾ?"

"ಇಲ್ಲ."

"ಸುಳ್ಳು ಹೇಳ್ಬೇಡಿ. ಬೆರಳು ನೀಲಿ ಆಗ್ತಿದೆ."

"ನೀವು ಸುತ್ತಿದ್ದೀರಲ್ಲ, ಹೇಗೆ ಬಿಗಿ ಅನ್ನಲಿ," ಎಂದ ಅವನು. ಅವಳು ಬೈಯುತ್ತ ಬಿಚ್ಚಿ ಮತ್ತೆ ಸುತ್ತಿದಳು. ಬೈಯುವಾಗ ಕೆನ್ನೆ ಯಾಕೆ ಬಿಸಿಯಾಗಬೇಕೋ, ಅದನ್ನು ಯಾವ ಲ್ಯಾಬಿನವರೂ ಹೇಳಲಾರರು.

ಮನೆಯಲ್ಲಿ ಅತ್ತಿಗೆಗೆ ವಾಸನೆ ಬಡಿದಿತ್ತು. ಗಂಡನ ಮನೆ ಬಿಟ್ಟು ಬಂದ ಮೇಲೆ ಅವಳು ಅಣ್ಣನ ಮನೆಯಲ್ಲೇ ಇದ್ದಳು, ಇಸ್ತ್ರಿ ಮಾಡುವ ಮೇಜು ಇದ್ದ ಕೋಣೆಯಲ್ಲಿ. ಅಣ್ಣ ಒಳ್ಳೆಯವನು, ಅತ್ತಿಗೆ ಅವನಿಗಿಂತ ಒಳ್ಳೆಯವಳು. ಆದರೂ ಬೇರೆಯವರ ಮನೆಯಲ್ಲಿ ನೀರು ಕುಡಿಯುವಾಗಲೂ ಲೋಟದ ಸದ್ದಾಗದಂತೆ ನೋಡಿಕೊಳ್ಳಬೇಕಾಗುತ್ತದೆ.

"ಲ್ಯಾಬಿನವರು ಬೇರೆ ಊರಲ್ಲಿ ಬ್ರಾಂಚ್ ತೆಗೀತಿದ್ದಾರೆ, ನೀನು ಹೋಗ್ತೀಯಾ ಅಂತ ಕೇಳಿದ್ರು ಅಂದ್ಯಲ್ಲ," ಎಂದಳು ಅತ್ತಿಗೆ, ಬಟ್ಟೆ ಮಡಿಸುತ್ತ. "ಏನು ಹೇಳಿದೆ?"

"ನೋಡೋಣ ಅಂದೆ."

"ನೋಡೋಣ, ನೋಡೋಣ! ಹೋಗೋದಾದ್ರೆ ಹೋಗು, ಇರೋದಾದ್ರೆ ಇರು. ನಿಂಗೇನು ಬೇಕು ಅಂತ ಬಾಯಿ ಬಿಟ್ಟು ಹೇಳು ಮಹರಾಯ್ತಿ. ನಿನ್ನ ಮನಸ್ಸಲ್ಲಿರೋದನ್ನ ಸಿರಿಂಜ್ ಹಾಕಿ ತೆಗೀಬೇಕಾ ನಾನು?"

ಅವಳು ನಕ್ಕು, ಮಡಿಸಿದ ಬಟ್ಟೆಗಳನ್ನು ಎತ್ತಿಟ್ಟಳು. ಬೇಕು ಎನ್ನುವುದು ಅವಳ ನಾಲಿಗೆಗೆ ಬಾರದ ಮಾತು. ಗಂಡ ಕೆಟ್ಟವನೇನಲ್ಲ, ಹೊಡೆದವನಲ್ಲ, ಬೈದವನಲ್ಲ. ಆದರೆ ಚಪ್ಪಲಿ ಐದನೇ ನಂಬರ್ ಎಂದರೆ ಆರನೇ ನಂಬರ್ ತರುವವನು. "ದೊಡ್ಡದೇ ಇರ್ಲಿ ಬಿಡು," ಎಂದು ಬಿಡುವನು. ಅವಳು ಎರಡು ಕೋಣೆಯ ಮನೆ ಸಾಕೆಂದಾಗ ಮಹಡಿ ಮನೆ ಹಿಡಿದ. ಒಂದು ವರ್ಷ ಓದುತ್ತೇನೆ ಎಂದಾಗ, ಅದೆಲ್ಲ ಯಾಕೆ, ಕೆಲಸಕ್ಕೇ ಹೋಗಬೇಡ, ಆರಾಮಾಗಿರು ಎಂದ. ಅವಳು ಎಷ್ಟು ಎಂದರೂ ಅವನ ಕಿವಿಗೆ ಅದಕ್ಕಿಂತ ಒಂದು ನಂಬರ್ ದೊಡ್ಡದಾಗಿಯೇ ಕೇಳುತ್ತಿತ್ತು. ಆ ಚಪ್ಪಲಿಯಲ್ಲಿ ಎಡವಿ ಎಡವಿ ನಡೆದು, ಕಡೆಗೊಂದು ದಿನ ಅವಳು ಕಾರಣ ಹೇಳದೆ ಬ್ಯಾಗ್ ತೆಗೆದುಕೊಂಡು ಹೊರಟು ಬಂದಿದ್ದಳು. ಏಕೆ ಹೋದಳೆಂದು ಅವನಿಗೆ ಇಂದಿಗೂ ಗೊತ್ತಿರಲಾರದು. ಅವಳು ಹೇಳಿದ್ದರೆ ತಾನೇ.

*

ಆ ಭಾನುವಾರ ಅವಳು ಹೋದಾಗ ಶೆಡ್ಡಿನಲ್ಲಿ ಅವನಿರಲಿಲ್ಲ.

"ಲೋಡ್ ಇಳಿಸೋಕೆ ಹೋಗಿದ್ದಾನೆ, ಬರ್ತಾನೆ," ಎಂದ ತಮ್ಮ, ಫೋನನ್ನು ಅಂಗೈಯಿಂದ ಮುಚ್ಚಿ. "ನಿಮ್ಮ ಪಾಟ್ ಆಗಿದೆ ನೋಡಿ, ಹಲಗೆ ಮೇಲೆ."

ಅವಳ ಎದೆ ಹಗುರಾಗಿ ಹಾರಿತು. ನಲವತ್ತರ ಹತ್ತಿರ ಬಂದ ಎದೆ, ಹಾಗೆ ಹಾರುವ ಅಭ್ಯಾಸ ತಪ್ಪಿತ್ತು. ಹಲಗೆಯ ಮೇಲೆ ಕುಂಡಗಳು ಸಾಲಾಗಿ ಕೂತಿದ್ದವು, ಇನ್ನೂ ಒದ್ದೆ, ನೆನೆದ ಕಲ್ಲಿನ ಬಣ್ಣ. ನೇರ ಗೋಡೆ. ಕಿರಿದಾದ ಬಾಯಿ. ತೂತು. ಎಲ್ಲ ಹೇಳಿದ ಹಾಗೇ.

ಆದರೂ ಕಣ್ಣಿಗೆ ಏನೋ ಹೆಚ್ಚು ಕಂಡಿತು. ಬ್ಯಾಗಿನಲ್ಲಿದ್ದ ಸ್ಟೀಲ್ ಸ್ಕೇಲ್ ತೆಗೆದು ಒಂದರೊಳಗೆ ಇಳಿಸಿದಳು. ನಾಲ್ಕೂವರೆ ಇಂಚು. ಇನ್ನೊಂದಕ್ಕೆ ಇಳಿಸಿದಳು. ನಾಲ್ಕೂವರೆ. ಬಾಯಿಯ ಮೇಲೆ ಅಡ್ಡ ಇಟ್ಟು ನೋಡಿದಳು, ಎರಡು ಇಂಚು ದಾಟಿ ಹೋಗಿತ್ತು. ತಟ್ಟೆಯಂಥವೂ ಅಷ್ಟೇ, ಹೇಳಿದ್ದಕ್ಕಿಂತ ಒಂದು ಸುತ್ತು ಹೆಚ್ಚು.

ದೊಡ್ಡದೇ ಇರಲಿ ಬಿಡು.

ಅರ್ಧ ಇಂಚಿಗೆ ಯಾರ ಮನಸ್ಸಾದರೂ ಮುರಿಯುತ್ತದೆಯೇ ಎಂದು ಕೇಳುವವರು ಕೇಳಲಿ. ಒಂದೇ ಒಂದು ನಂಬರ್ ದೊಡ್ಡ ಚಪ್ಪಲಿಯಲ್ಲಿ ವರ್ಷಗಟ್ಟಲೆ ನಡೆದವರಿಗೆ ಅದು ಗೊತ್ತು. ಇವನು ಕೇಳಿದ್ದ. ಚಕ್ರ ನಿಲ್ಲಿಸಿ ಕೇಳಿದ್ದ. ಕಿರುಬೆರಳಿನ ಅಳತೆಯನ್ನೂ ಹಿಡಿದಿಟ್ಟುಕೊಂಡಿದ್ದ. ಅಷ್ಟೆಲ್ಲ ಕೇಳಿಯೂ ಕೊನೆಗೆ ತನಗೆ ತೋಚಿದಷ್ಟೇ ಮಾಡಿದ. ಅವಳಿಗೆ ಸಿಟ್ಟು ಬರಲಿಲ್ಲ. ಸಿಟ್ಟು ಬಂದಿದ್ದರೆ ಎಷ್ಟೋ ಚೆನ್ನಾಗಿತ್ತು, ಕಾದು ಕೂತು ಜಗಳವಾಡುತ್ತಿದ್ದಳು. ಬಂದದ್ದು ಸುಸ್ತು, ಕಾಲಿನಿಂದ ಮೇಲಕ್ಕೆ ಹತ್ತುವ ಆ ಹಳೆಯ ಸುಸ್ತು. ಮತ್ತೆ ಮೊದಲಿನಿಂದ ಹೇಳು, ಮತ್ತೆ ಯಾರೂ ಕೇಳುವುದಿಲ್ಲ.

"ಅರ್ಜೆಂಟ್ ಕೆಲಸ ಬಂತು," ಎಂದು ತಮ್ಮನಿಗೆ ಹೇಳಿ ಹೊರಟಳು. ಸೋಮವಾರ ಮ್ಯಾನೇಜರರ ಕೋಣೆಗೆ ಹೋಗಿ, ಹೊಸ ಬ್ರಾಂಚಿಗೆ ಹೋಗುತ್ತೇನೆ ಎಂದಳು. ಅವಳು ಅಷ್ಟು ಬೇಗ ಒಪ್ಪಿದ್ದಕ್ಕೆ ಅವರಿಗೇ ಆಶ್ಚರ್ಯವಾಯಿತು.

ಆಮೇಲಿನ ಭಾನುವಾರಗಳಲ್ಲಿ ಅವಳು ಮನೆಯಲ್ಲೇ ಮಲಗಿದಳು. ಅವನೂ ಲ್ಯಾಬಿನ ಕಡೆ ತಲೆ ಹಾಕಲಿಲ್ಲ. ಬರುತ್ತಾನೇನೋ ಎಂದು ಬಾಗಿಲು ತೆರೆದಾಗಲೆಲ್ಲ ಕತ್ತೆತ್ತುವುದನ್ನು ಮಾತ್ರ ಅವಳಿಂದ ನಿಲ್ಲಿಸಲಾಗಲಿಲ್ಲ. ಇನ್ನೊಬ್ಬ ದಢೂತಿ ಗಂಡಸು ಕುರ್ಚಿಯಿಂದ ಜಾರಿದಾಗ, ಹಿಡಿಯುವುದು ಒಂದು ಗಳಿಗೆ ತಡವಾಯಿತು.

*

ಹೊರಡುವ ದಿನ ಹತ್ತಿರವಾದಾಗ ಅವನ ತಮ್ಮ ಒಂದು ರಟ್ಟಿನ ಪೆಟ್ಟಿಗೆ ತಂದು ಕೌಂಟರಿನ ಮೇಲಿಟ್ಟು, ಫೋನಿನಲ್ಲಿ ಮಾತಾಡುತ್ತಲೇ ಹೊರಟುಹೋದ. ಒಳಗೆ ಒಣಹುಲ್ಲಿನ ನಡುವೆ ಕುಂಡಗಳು, ಸುಟ್ಟು ಕೆಂಪಾಗಿ, ತಟ್ಟಿದರೆ ಟಣ್ ಎನ್ನುವಂಥವು.

ಊಟದ ಬಿಡುವಿನಲ್ಲಿ ಅವಳು ಒಂದನ್ನು ಎತ್ತಿದಳು. ಏನಿದ್ದರೂ ದೊಡ್ಡದೇ, ಯಾರಿಗಾದರೂ ಕೊಟ್ಟುಬಿಡೋಣ ಎಂದುಕೊಂಡಳು. ಕೈ ತಾನಾಗಿ ಸ್ಕೇಲಿಗೆ ಹೋಯಿತು.

ನಾಲ್ಕು ಇಂಚು.

ಸ್ಕೇಲ್ ಒರೆಸಿ ಮತ್ತೆ ಇಳಿಸಿದಳು. ನಾಲ್ಕು. ಬಾಯಿ ಎರಡು. ಕೂದಲೆಳೆಯಷ್ಟೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಕಿರುಬೆರಳನ್ನು ತಳದ ತೂತಿಗೆ ಹಾಕಿದಳು. ಹೇಳಿ ಮಾಡಿಸಿದ ಹಾಗೆ ಕೂತಿತು.

ಅವಳು ಬೆಪ್ಪಾಗಿ ಕೂತಳು. ಬೇರೆ ಮಾಡಿದನೇ? ಎಲ್ಲವನ್ನೂ ಮತ್ತೆ? ಪೆಟ್ಟಿಗೆಯಿಂದ ಒಂದೊಂದಾಗಿ ತೆಗೆದು ನೋಡುವಾಗ, ಒಂದರ ಅಂಚಿನ ಮೇಲೆ ಎದುರುಬದುರಾಗಿ ಎರಡು ಸಣ್ಣ ಅಡ್ಡಗೆರೆಗಳು ಕಂಡವು. ಸ್ಕೇಲಿನ ಅಲಗನ್ನು ಅವುಗಳ ಮೇಲಿಟ್ಟಳು. ಎರಡೂ ಕಡೆ ಸರಿಯಾಗಿ ಕೂತಿತು. ಅದು ಅವಳೇ ಮಾಡಿದ ಗುರುತು. ಅಂದು ಹಲಗೆಯ ಮೇಲಿದ್ದ ಅದೇ ಕುಂಡ ಇದು.

ಉಳಿದರ್ಧ ದಿನಕ್ಕೆ ರಜೆ ಹೇಳಿ, ಬಿಳಿ ಕೋಟನ್ನೂ ಬಿಚ್ಚದೆ ಅವಳು ಹೊರಟಳು.

ಅವನು ಶೆಡ್ಡಿನಲ್ಲಿ ಭಟ್ಟಿಯ ಪಕ್ಕದ ಬೆಂಚಿನ ಮೇಲೆ ಗೋಡೆಗೆ ಒರಗಿ ಕೂತಿದ್ದ. ಮಣಿಕಟ್ಟಿಗೆ ಅವಳು ಕೊಟ್ಟಿದ್ದ ಬ್ಯಾಂಡೇಜನ್ನು ತಾನೇ ಸುತ್ತಿಕೊಂಡು ಕೆಡಿಸಿಟ್ಟಿದ್ದ. ಅವಳನ್ನು ಕಂಡು ಏಳಲು ಹೋದ, ಏಳಲಾಗದೆ ಮತ್ತೆ ಕೂತ.

ಅವಳು ಕುಂಡವನ್ನು ಅವನ ಮುಂದೆ ಹಿಡಿದಳು. "ಇದು ಅವತ್ತು ನಾಲ್ಕೂವರೆ ಇಂಚಿತ್ತು."

"ಹೂಂ."

"ಇವತ್ತು ನಾಲ್ಕಿದೆ."

"ಹೂಂ. ಮಣ್ಣು ಒಣಗುವಾಗ ಕುಗ್ಗುತ್ತೆ, ಸುಡುವಾಗ ಇನ್ನೂ ಸ್ವಲ್ಪ. ನಾಲ್ಕು ಬೇಕು ಅಂದ್ರೆ ಹಸೀಲಿ ನಾಲ್ಕೂವರೆ ಮಾಡ್ಬೇಕು." ಅವನು ಬೇರೆಡೆ ನೋಡಿದ. "ಮಣ್ಣಿನ ಕೆಲಸದವರಿಗೆಲ್ಲ ಗೊತ್ತು. ನಿಮಗೂ ಗೊತ್ತಿರುತ್ತೆ ಅಂದ್ಕೊಂಡಿದ್ದೆ. ಹೇಳಲಿಲ್ಲ, ನಂದೇ ತಪ್ಪು."

ಅವಳಿಗೆ ನಗು ಬಂತೋ ಅಳು ಬಂತೋ, ಎರಡೂ ಒಂದೇ ಬಾಗಿಲಿಗೆ ನುಗ್ಗಿ ಸಿಕ್ಕಿಕೊಂಡವು.

"ನಾನು ಬಂದು ಅಳತೆ ನೋಡಿದ್ದು ನಿಮಗೆ ಗೊತ್ತಿತ್ತು," ಎಂದಳು.

"ಗುರುತು ಇತ್ತಲ್ಲ. ಒದ್ದೆ ಬಟ್ಟೇಲಿ ಒಂದು ಸಲ ಸವರಿದ್ರೆ ಹೋಗ್ತಿತ್ತು."

"ಮತ್ತೆ ಯಾಕೆ ಸವರಲಿಲ್ಲ?"

"ನೀವು ಬಂದಿದ್ರಿ ಅನ್ನೋದಕ್ಕೆ ಅಷ್ಟಾದ್ರೂ ಇರ್ಲಿ ಅಂತ." ಅವನ ದನಿ ಇಳಿಯಿತು. "ಅಳತೆ ಹಾಕಿ, ಒಂದು ಮಾತೂ ಕೇಳದೆ ಹೋಗಿದ್ರಿ. ನನ್ನ ಮೇಲೆ ನಿಮಗೆ ನಂಬಿಕೆ ಇಲ್ಲ ಅಂತ ಅರ್ಥ ಮಾಡ್ಕೊಂಡೆ. ಬಂದು ಕೇಳೋಣ ಅಂತ ದಿನಾ ಅಂದ್ಕೊಳ್ತಿದ್ದೆ. ದಿನಾ ಸಾಯಂಕಾಲ ಕೈಕಾಲು ಬಿದ್ದುಹೋಗ್ತಿತ್ತು."

"ನನಗೂ," ಎಂದಳು ಅವಳು. ಬೆಂಚಿನ ಇನ್ನೊಂದು ತುದಿಯಲ್ಲಿ ಕೂತಳು. ಬಿಳಿ ಕೋಟಿಗೆ ಮಣ್ಣಾಯಿತು. "ಹೊಸ ಬ್ರಾಂಚಿಗೆ ಹೋಗ್ತಿದ್ದೀನಿ. ಬೇರೆ ಊರು. ಈ ಸೋಮವಾರ."

ಅವನು ಬ್ಯಾಂಡೇಜಿನ ಸಡಿಲ ತುದಿಯನ್ನು ಬೆರಳಿಗೆ ಸುತ್ತಿದ. ಭಟ್ಟಿಯೊಳಗೆ ಆರುತ್ತಿದ್ದ ಯಾವುದೋ ಕುಂಡ ಟಿಕ್ ಎಂದಿತು.

"ಆಯ್ತು," ಎಂದ ಕೊನೆಗೆ. ತಮ್ಮನಿಗೆ ಹೇಳುವ ಆಯ್ತು.

ಅಲ್ಲಿಯವರೆಗೆ ಎಲ್ಲಿತ್ತೋ ಆ ಸಿಟ್ಟು, ಈಗ ಬಂತು. "ಆಯ್ತಾ? ಅಷ್ಟೇನಾ? ಹೋಗ್ಬೇಡ ಅನ್ನೋಕೆ ಬಾಯಿಲ್ವಾ ನಿಮಗೆ?"

"ಹೇಗೆ ಅನ್ನಲಿ?" ಅವನೂ ದನಿ ಏರಿಸಿದ, ಏರಿಸಿ ಅಭ್ಯಾಸವಿಲ್ಲದೆ ಅದು ಒಡೆಯಿತು. "ಗಿಡಕ್ಕೆ ಎಷ್ಟು ಬೇಕು ಅಂತ ನೀವು ಹೇಳಿದ್ರಿ, ಮಾಡ್ದೆ. ನಿಮಗೇನು ಬೇಕು ಅಂತ ಒಂದಿನವಾದ್ರೂ ಹೇಳಿದ್ರಾ? ಹೋಗ್ಬೇಡಿ ಅಂತ ನಾನಂದ್ರೆ ನೀವು ಸುಮ್ಮನೆ ನಿಂತುಬಿಡ್ತೀರಿ. ಆಮೇಲೆ ಯಾವಾಗಲೋ ನಾನಿಲ್ಲದ ಹೊತ್ತಲ್ಲಿ ಅಳತೆ ಹಾಕಿ ಎದ್ದು ಹೋಗ್ತೀರಿ. ನಂಗೆ ಅದು ಬೇಡ."

ಆ ಮಾತು ಸೂಜಿಯಂತೆ ಹೋಯಿತು, ಸರಿಯಾದ ನರಕ್ಕೇ. ಮಹಡಿ ಮನೆಯಿಂದ ಬ್ಯಾಗ್ ಹಿಡಿದು ಇಳಿದ ಮೆಟ್ಟಿಲುಗಳು ಅವಳಿಗೆ ನೆನಪಾದವು. ಕೆಳಗೆ ಬಾಗಿಲ ಬಳಿ ಪೇಪರ್ ಓದುತ್ತ ಕೂತಿದ್ದ ಗಂಡ, ಎಲ್ಲಿಗೆ ಎಂದು ಕೇಳಿದ್ದ. ಅಂಗಡಿಗೆ ಎಂದಿದ್ದಳು. ತನ್ನ ಮಾತನ್ನು ಯಾರೂ ಕೇಳುವುದಿಲ್ಲವೆಂದು ಇಷ್ಟು ವರ್ಷ ಕೊರಗಿದವಳು, ಮಾತನ್ನು ಹೊರಗೆ ಬಿಟ್ಟದ್ದಾದರೂ ಎಷ್ಟು?

ಅವಳು ಬಾಯಿ ತೆರೆದಳು. ಅವನು ಕಾದ. ಮುಂದೆ ಅಂಗಡಿಯಿಂದ "ಅಣ್ಣಾ!" ಎಂಬ ಕೂಗು ಬಂತು. ಅವನು ಮೊದಲ ಬಾರಿಗೆ ಅದಕ್ಕೆ ಓಗೊಡಲಿಲ್ಲ.

"ನಂಗೆ ಹೋಗೋಕೆ ಇಷ್ಟ ಇಲ್ಲ," ಎಂದಳು.

ಹೇಳಿದ ಮೇಲೆ ಆಕಾಶವೇನೂ ಕಳಚಿ ಬೀಳಲಿಲ್ಲ. ಅದನ್ನು ಕಂಡು ಇನ್ನೊಂದು ಮಾತು ಧೈರ್ಯ ಮಾಡಿ ಹೊರಬಂತು.

"ಇಲ್ಲೇ ಇರ್ಬೇಕು ಅನ್ಸುತ್ತೆ. ಈ ಊರಲ್ಲಿ. ಇಲ್ಲಿ... ನಿಮ್ಮ ಹತ್ತಿರ."

ಅವನ ಮುಖ ಒಮ್ಮೆಲೇ ತೆರೆದುಕೊಂಡಿತು. "ಇರಿ! ಈ ಶೆಡ್ ಅರ್ಧ ಖಾಲಿ ಮಾಡಿಸ್ತೀನಿ. ಮೇಲೆ ಗಾಜು ಹಾಕಿಸೋಣ. ನಿಮ್ಮ ಗಿಡಕ್ಕೆ ಅಂತಲೇ ದೊಡ್ಡ..."

"ಬೇಡ."

ಅವನು ತಟ್ಟನೆ ನಿಂತ.

"ದೊಡ್ಡದು ಬೇಡ," ಎಂದಳು. "ಬೆಳಗಿನ ಬಿಸಿಲು ಬರೋ ಒಂದು ಕಿಟಕಿ ಸಾಕು. ನನ್ನ ಕೆಲಸ ನಾನು ಬಿಡಲ್ಲ. ಭಾನುವಾರ ಮಧ್ಯಾಹ್ನದವರೆಗೆ ನನ್ನನ್ನ ಎಬ್ಬಿಸಬಾರದು. ಮದುವೆ ಅದು ಇದು ಅಂತ ಯಾರೂ ಅವಸರ ಮಾಡ್ಬಾರ್ದು, ನಿಧಾನವಾಗಿ ನೋಡೋಣ. ಆಮೇಲೆ ನನಗೆ ಏನಾದ್ರೂ ತರೋದಾದ್ರೆ ನನ್ನ ಕೇಳಿ ತರಬೇಕು."

ಅವನು ಒಂದೊಂದಕ್ಕೂ ತಲೆಯಾಡಿಸುತ್ತ ಕೇಳಿದ. ನಡುವೆ ಬಾಯಿ ಹಾಕಲಿಲ್ಲ. ಒಂದನ್ನೂ ಹೆಚ್ಚು ಮಾಡಲಿಲ್ಲ, ಕಡಿಮೆ ಮಾಡಲಿಲ್ಲ.

"ಕಿಟಕಿ ಎಷ್ಟು ಅಗಲ?" ಎಂದು ಮಾತ್ರ ಕೇಳಿದ.

ಅವಳು ಎರಡು ಕೈ ಚಾಚಿ ತೋರಿಸಿದಳು. ಅವನು ಆ ಕೈಗಳನ್ನು ನೋಡಿದ, ನಡುವಿನ ಜಾಗವನ್ನು ನೋಡಿದ, ಮನಸ್ಸಿನಲ್ಲಿ ಇಟ್ಟುಕೊಂಡ. ಅಳತೆ ತೋರಿಸಿದ ಕೈಗಳು ಅವಳ ಮಡಿಲಿಗೆ ಮರಳಿದಾಗ, ಅವಳಿಗೆ ಇಡೀ ಮೈ ಹಗುರಾಗಿ, ಹಾಗೆಯೇ ವಿಪರೀತ ದಣಿದೂ ಹೋಗಿತ್ತು. ಮ್ಯಾನೇಜರಿಗೆ ಫೋನ್ ಮಾಡಬೇಕು. ಅತ್ತಿಗೆಗೆ ಹೇಳಬೇಕು. ಬೈಸಿಕೊಳ್ಳಬೇಕು. ಎಲ್ಲ ಮಾಡಬಹುದು.

"ಇನ್ನೇನಾದ್ರೂ ಇದೆಯಾ?" ಎಂದ.

"ಇದೆ. ನಿಮಗೇನು ಬೇಕು?"

ಅವನು ಅರ್ಥವಾಗದವನಂತೆ ನೋಡಿದ.

"ನಾನು ಇಷ್ಟು ಹೇಳಿದ್ನಲ್ಲ. ನಿಮಗೇನು ಬೇಕು ಹೇಳಿ."

ಅವನು ನೆಲ ನೋಡಿದ, ಶೆಡ್ಡಿನ ತುಂಬ ನಿಂತಿದ್ದ ಊರವರ ಕುಂಡಗಳನ್ನು ನೋಡಿದ. ಇಷ್ಟು ದೊಡ್ಡ ಆಳಿನ ಕಣ್ಣಲ್ಲಿ ನೀರು ತುಂಬುವುದನ್ನು ಅವಳು ನೋಡಿದಳು. ಆ ಪ್ರಶ್ನೆಯನ್ನು ಅವನಿಗೆ ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ, ತಮ್ಮನೂ ಇಲ್ಲ, ಗಿರಾಕಿಗಳೂ ಇಲ್ಲ, ಅವಳೂ ಇಲ್ಲ.

"ಸ್ವಲ್ಪ ಹೊತ್ತು ಇಲ್ಲೇ ಕೂತಿರ್ತೀಯಾ?" ಎಂದ. "ನಾನು ಕಣ್ಣು ಮುಚ್ಕೊಳ್ತೀನಿ. ಯಾರು ಕರೆದ್ರೂ ಎಬ್ಬಿಸ್ಬೇಡ."

ಅವಳು ಬೆಂಚಿನ ತುದಿಯಿಂದ ಅವನ ಪಕ್ಕಕ್ಕೆ ಸರಿದು ಕೂತಳು. ಅಂಗಡಿಯಿಂದ ಮತ್ತೆ "ಅಣ್ಣಾ, ಇನ್ನೊಂದು ಹತ್ತು!" ಎಂಬ ಕೂಗು ಬಂತು.

"ನಿಮ್ಮಣ್ಣ ಮಲಗಿದ್ದಾರೆ," ಎಂದಳು ಅವಳು, ಅಂಗಡಿಯವರೆಗೆ ಕೇಳಿಸುವಷ್ಟು ಗಟ್ಟಿಯಾಗಿ.